ಪ್ರಶ್ನೆ ಕೇಳಿ ಮಕ್ಕಳೇ ಎಂದು ನಾನು ಪಟ್ಟ ಪಾಡು

ಮಕ್ಕಳಿಗೆ ಪಾಠ ಹೇಳಿ, ಏನೂ ಆಗುವುದಿಲ್ಲ. "ನೀವೇ ಯೋಚಿಸಿ" ಎಂದು ಹೇಳಿ ನೋಡಿ, ಅವತ್ತಿನಿಂದ ನಿಮ್ಮ ಗ್ರಹಚಾರ ಶುರು. ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಯಜಮಾನರಿಗೆ ದೆಹಲಿಗೆ ವರ್ಗವಾಗಿ ನಾವು ಆರ್.ಕೆ.ಪುರಂ ಕ್ವಾರ್ಟರ್ಸಿಗೆ ಬಂದೆವು. ಹತ್ತಿರದ ಶಾಲೆಯೊಂದರಲ್ಲಿ ನನಗೆ ಆರನೇ ಕ್ಲಾಸಿಗೆ ವಿಜ್ಞಾನ ಹೇಳುವ ಕೆಲಸ ಸಿಕ್ಕಿತು. ಒಂದು ವರ್ಷ ಪ್ರೊಬೇಷನ್.

"ವರ್ಷದ ಕೊನೆಗೆ ನಿಮ್ಮ ಕ್ಲಾಸಿನಲ್ಲಿ ಬಂದು ಕೂರುತ್ತೇನೆ. ಮಕ್ಕಳು ಯೋಚಿಸಿ ಪ್ರಶ್ನೆ ಕೇಳುತ್ತಿದ್ದರೆ ನೀವು ಪರ್ಮನೆಂಟ್. ಇಲ್ಲದಿದ್ದರೆ ನಮಸ್ತೆ" ಎಂದರು ಪ್ರಿನ್ಸಿಪಾಲ್ ಮೇಡಂ. ಊರಲ್ಲಿ ಎಂಟು ವರ್ಷ ಪಾಠ ಹೇಳಿದವಳಿಗೆ ಇದೇನು ಮಹಾ ಅಂದುಕೊಂಡೆ. ಅಂದುಕೊಂಡಿದ್ದೇ ತಪ್ಪು.

೧. ತರಬೇತಿ

ಶಾಲೆ ತೆರೆಯುವ ಮುಂಚೆ ಟೀಚರುಗಳಿಗೆಲ್ಲ ಮೂರು ದಿನ ತರಬೇತಿ. ಕೊಡಲು ಬಂದವರು ದೆಹಲಿಯ ಜೂನ್ ತಿಂಗಳಲ್ಲಿ ಟೈ ಕಟ್ಟಿಕೊಂಡಿದ್ದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

"ಮಕ್ಕಳಿಗೆ ನೋಟ್ಸ್ ಬರೆಸಬೇಡಿ. ಬರೆದುಕೊಳ್ಳಿ" ಎಂದರು. ಬರೆದುಕೊಂಡೆವು. "ಮಕ್ಕಳ ಪ್ರಶ್ನೆಯನ್ನು ಎಂದೂ ಮುಂದಕ್ಕೆ ಹಾಕಬೇಡಿ. ಬರೆದುಕೊಳ್ಳಿ." ಅದನ್ನೂ ಬರೆದುಕೊಂಡೆವು. ನಾನು ಕೈಯೆತ್ತಿ, "ಸರ್, ಒಂದು ಪ್ರಶ್ನೆ" ಎಂದೆ.

"ಪ್ರಶ್ನೆಗಳೆಲ್ಲ ಕೊನೆಗೆ, ಮೇಡಂ."

ಕೊನೆಗೆ ಸಮೋಸ ಬಂತು. ಬಾಯಿ ತುಂಬಿದ ಮೇಲೆ ಪ್ರಶ್ನೆ ಕೇಳುವವರು ಯಾರು? ಪಕ್ಕದಲ್ಲಿ ಕೂತಿದ್ದ ಗಣಿತದ ಟೀಚರು ಮಾತ್ರ ಗಾಬರಿಯಿಂದ ನನ್ನ ಪುಸ್ತಕ ಇಸಿದುಕೊಂಡರು. ಅವರಿಗೆ ಒಂದು ಸಾಲು ತಪ್ಪಿಹೋಗಿತ್ತಂತೆ. ಯಾವ ಸಾಲು ಎಂದು ಇಣುಕಿ ನೋಡಿದೆ. "ನೋಟ್ಸ್ ಬರೆಸಬೇಡಿ" ಎಂಬುದು.

೨. ಎಡಗಡೆಯ ಹುಲ್ಲು

ಜುಲೈನಲ್ಲಿ ಶಾಲೆ ತೆರೆಯಿತು. ಪುಸ್ತಕ ಮುಚ್ಚಿಸಿ ಒಂದು ಪ್ರಶ್ನೆ ಹಾಕಿದೆ: "ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ಬೇಸಿಗೆಯಲ್ಲಿ ಅಷ್ಟು ತಂಪು ಕೊಡುವ ಕೂಲರ್, ಮಳೆ ಶುರುವಾದ ಮೇಲೆ ಯಾಕೆ ತಂಪು ಕೊಡುವುದಿಲ್ಲ?"

ಮುಂದಿನ ಬೆಂಚಿನಲ್ಲಿ ಕೂರುವ, ಕ್ಲಾಸಿಗೇ ಮೊದಲಿಗನಾದ ಹುಡುಗ ಎದ್ದು ನಿಂತ. "ಮ್ಯಾಮ್, ಯೇ ಎಗ್ಜಾಮ್ ಮೇ ಆಯೇಗಾ?"

"ಪರೀಕ್ಷೆಗೆ ಬರುವುದಿಲ್ಲ. ಸುಮ್ಮನೆ ಯೋಚಿಸಿ. ನಾಳೆ ನಿಮ್ಮ ಸ್ವಂತ ಅಭಿಪ್ರಾಯ ಬರೆದು ತನ್ನಿ."

ಮಾರನೆಯ ದಿನ ನಲವತ್ತೆರಡು ಪುಸ್ತಕ ಬಂದವು. ಹಿಗ್ಗಿ ಹೀರೇಕಾಯಿಯಾದೆ. ಮೊದಲ ಪುಸ್ತಕ ತೆರೆದೆ: "ನನ್ನ ಸ್ವಂತ ಅಭಿಪ್ರಾಯದಲ್ಲಿ, ನಮ್ಮ ಮನೆಯ ಕೂಲರಿನ ಎಡಗಡೆಯ ಹುಲ್ಲು ಹರಿದಿದೆ." ಎರಡನೆಯದರಲ್ಲೂ ಎಡಗಡೆಯ ಹುಲ್ಲು. ಹತ್ತನೆಯದರಲ್ಲೂ ಅದೇ. ಎಲ್ಲರ ಮನೆಯ ಕೂಲರೂ ಒಂದೇ ಕಡೆ ಹರಿಯಲು ಇದೇನು ಮಾಟವೇ?

ವಿಚಾರಿಸಿದರೆ ಗುಟ್ಟು ಬಯಲಾಯಿತು. ಅರ್ಧ ಕ್ಲಾಸು ಒಬ್ಬರೇ ಮೇಷ್ಟ್ರ ಹತ್ತಿರ ಟ್ಯೂಷನ್ನಿಗೆ ಹೋಗುತ್ತಿತ್ತು. ಉಳಿದರ್ಧ ಬೆಳಿಗ್ಗೆ ಬಸ್ಸಿನಲ್ಲಿ ಅವರದನ್ನು ನೋಡಿ ಬರೆದಿತ್ತು. "ಟ್ಯೂಷನ್ ಸರ್ ಎಲ್ಲರಿಗೂ ಅವರವರ ಸ್ವಂತ ಅಭಿಪ್ರಾಯ ಬರೆಸಿದ್ರು ಮ್ಯಾಮ್" ಎಂದ ಅದೇ ಮೊದಲಿಗ, ಹೆಮ್ಮೆಯಿಂದ. ಅವನ ಮನೆಯಲ್ಲಿ ಇದ್ದದ್ದು ಎ.ಸಿ.

೩. ದೂರು

ಡಿಸೆಂಬರಿನಲ್ಲಿ ಪೋಷಕರ ಸಭೆ. ನಮ್ಮ ಸೆಕ್ಟರಿನಲ್ಲೇ ಇದ್ದ, ಕೇಂದ್ರ ಸರ್ಕಾರದ ನೌಕರರಾದ ಕನ್ನಡದವರೊಬ್ಬರು ಮಫ್ಲರ್ ಸುತ್ತಿಕೊಂಡು ಬಂದರು. ಅವರ ಮಗ ನನ್ನ ಕ್ಲಾಸಿನವನು.

"ನಮ್ಮ ಕಡೆಯವರು ಅಂತ ನಿಮಗೇ ಹೇಳ್ತಿದೀನಿ ಮೇಡಂ, ಮನೇಲಿ ನೆಮ್ಮದಿ ಇಲ್ಲ. ಮಾತೆತ್ತಿದರೆ 'ಕ್ಯೂಂ? ಯಾಕೆ?' ಅಂತಾನೆ. ಮೊನ್ನೆ ಆಫೀಸಿಂದ ಎರಡು ಪೆನ್ನು ತಂದೆ. 'ಪಪ್ಪಾ, ಯೇ ಕಿಸ್‌ಕಾ ಹೈ?' ಅಂದ, ಇದು ಯಾರದು ಅಂತ."

"ಒಳ್ಳೇ ಪ್ರಶ್ನೆ ಸಾರ್. ನೀವು ಏನು ಕೊಟ್ಟಿರಿ ಉತ್ತರ?"

"ಎರಡು ಕೊಟ್ಟೆ, ಬೆನ್ನಿಗೆ."

ಹೀಗೆಂದು ಬರವಣಿಗೆಯಲ್ಲೂ ಒಂದು ದೂರು ಕೊಟ್ಟರು. ಮಗನಿಗೆ ಇಂಥ ಪ್ರಶ್ನೆ ಕಲಿಸಕೂಡದು ಎಂದು ಎರಡು ಪುಟ ಬರೆದಿದ್ದರು. ಕಾಗದದ ತಲೆಯ ಮೇಲೆ ಮೂರು ಸಿಂಹ.

ದಾರಿಯುದ್ದಕ್ಕೂ ನಗುತ್ತಾ ಮನೆಗೆ ಬಂದೆ. ಊಟಕ್ಕೆ ಕೂತ ನನ್ನ ಮಗಳು, "ಅಮ್ಮಾ, ದಿನಾ ಸಾರೇ ಕ್ಯೂಂ?" ಎಂದಳು. "ಬಾಯಿ ಮುಚ್ಚಿಕೊಂಡು ತಿನ್ನು!" ಎಂದೆ. ಆಮೇಲೆ ನನಗೇ ನಾಚಿಕೆಯಾಯಿತು.

೪. ಚೀಟಿಯಿಲ್ಲದ ಪ್ರಶ್ನೆ

ವರ್ಷ ಮುಗಿಯುತ್ತ ಬಂತು. ನಾಳೆ ಪ್ರಿನ್ಸಿಪಾಲ್ ಮೇಡಂ ಕ್ಲಾಸಿಗೆ ಬರುತ್ತಾರೆ ಎಂದಾಗ ಸ್ಟಾಫ್ ರೂಮಿಗೆ ಓಡಿದೆ. ಗಣಿತದ ಟೀಚರು, "ಅರೇ, ಇದಕ್ಕೆಲ್ಲ ಹೆದರ್ತಾರಾ? ಎಲ್ಲರೂ ಹಿಂದಿನ ದಿನ ರಿಹರ್ಸಲ್ ಮಾಡಿಸೋದೇ" ಎಂದರು. ನೌಕರಿಯ ಆಸೆ ಯಾರಿಗಿಲ್ಲ? ಎಂಟು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಎಂಟು ಮಕ್ಕಳಿಗೆ ಹಂಚಿದೆ. "ತಾನಾಗಿಯೇ ಹೊಳೆದ ಹಾಗೆ ಕೇಳಬೇಕು" ಎಂದು ಮೂರು ಸಲ ಅಭ್ಯಾಸವನ್ನೂ ಮಾಡಿಸಿದೆ.

ಮಾರನೆಯ ದಿನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಒಂದಾದ ಮೇಲೊಂದು ಎಂಟೂ ಪ್ರಶ್ನೆಗಳು ಬಂದವು. ಮೇಡಂ ತಲೆದೂಗಿದರು. ಕೆಲಸ ಗಟ್ಟಿಯಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮೇಡಂ ಪಕ್ಕದಿಂದಲೇ ಒಂದು ಕೈ ಮೇಲೆದ್ದಿತು. ವರ್ಷವಿಡೀ ತುಟಿ ಬಿಚ್ಚದ ಹುಡುಗಿ. ಅವಳಿಗೆ ನಾನು ಚೀಟಿ ಕೊಟ್ಟಿರಲಿಲ್ಲ.

"ಮ್ಯಾಮ್, ಪ್ರಶ್ನೆ ನಮ್ಮ ಒಳಗಿಂದ ಬರಬೇಕು ಅಂತ ನೀವೇ ಹೇಳ್ತೀರಿ. ಮತ್ತೆ ನಿನ್ನೆ ಚೀಟಿ ಕ್ಯೂಂ ದೀ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಆ ವರ್ಷದಲ್ಲಿ ನನಗೆ ಸಿಕ್ಕ ನಿಜವಾದ ಪ್ರಶ್ನೆ ಅದೊಂದೇ.

"ಕೆಲಸ ಹೋಗುತ್ತದೆ ಎಂದು ಹೆದರಿದೆ. ಅದಕ್ಕೇ ಚೀಟಿ ಕೊಟ್ಟೆ. ತಪ್ಪು ನನ್ನದು" ಎಂದೆ.

ಉಳಿದ ನಲವತ್ತೊಂದು ತಲೆಗಳೂ ತಟ್ಟನೆ ಬಗ್ಗಿದವು. ಏನಾಯಿತೆಂದು ನೋಡಿದರೆ ಎಲ್ಲರೂ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲಿಗ ಪೆನ್ನೆತ್ತಿ, "ಮ್ಯಾಮ್, ಯೇ ಕಿತ್‌ನೇ ಮಾರ್ಕ್ಸ್ ಕಾ ಹೈ? ಎಷ್ಟು ಅಂಕ?" ಎಂದ.

ಪ್ರಿನ್ಸಿಪಾಲ್ ಮೇಡಂ ಎದ್ದರು. ಆ ಹುಡುಗಿಯ ತಲೆ ನೇವರಿಸಿದರು. ಬಗ್ಗಿದ ತಲೆಗಳನ್ನೆಲ್ಲ ಒಮ್ಮೆ ನೋಡಿ, ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದರು: "ಒಬ್ಬಳು ಆಯಿತು. ಉಳಿದವರೂ ಯೋಚಿಸಲು ಕಲಿಯುವವರೆಗೆ ನೀವು ಇಲ್ಲೇ ಇರಿ."

ರಿಟೈರಾಗುವವರೆಗೆ ನನ್ನ ನೌಕರಿಗೆ ಭಯವಿಲ್ಲ ಎಂದು ಆ ಕ್ಷಣವೇ ಗೊತ್ತಾಯಿತು.