ಹಸಿರು ಚುಕ್ಕೆ ಅಂಟಿಸಿದ ತಪ್ಪಿಗೆ

ಎರಡು ಪಟ್ಟಣಗಳ ಜಂಟಿ ಭೂಬಳಕೆ ಯೋಜನಾ ಸಮಿತಿಯ ಮಾನ್ಯ ಅಧ್ಯಕ್ಷರ ದಿವ್ಯ ಸನ್ನಿಧಾನಕ್ಕೆ, ಊರಿನವರೆಲ್ಲ ಓದಲೆಂದು ಬರೆದ ಬಹಿರಂಗ ಪತ್ರ.

ವಿಷಯ: ನಾವು ಕೇಳದೆಯೇ ನಮ್ಮ ಕೋರಿಕೆಯನ್ನು ಈಡೇರಿಸಿದ್ದರ ಕುರಿತು.

ಮಾನ್ಯರೇ,

ತಾವೂ, ತಮ್ಮ ಸಮಿತಿಯ ಸಮಸ್ತ ಸದಸ್ಯರೂ, ತಮ್ಮ ಸಭಾಂಗಣದ ಗೋಡೆಯ ಮೇಲೆ ರಾರಾಜಿಸುತ್ತಿರುವ ಆ ಬೃಹತ್ ನಕ್ಷೆಯೂ ಕ್ಷೇಮವಾಗಿರುವಿರೆಂದು ನಂಬಿ, ಮೇಲಿನ ಪಟ್ಟಣಕ್ಕೂ ಕೆಳಗಿನ ಪಟ್ಟಣಕ್ಕೂ ನಡುವೆ ಸಿಕ್ಕಿಕೊಂಡಿರುವ ಓಣಿಯೊಂದರಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆದು ಹೊಟ್ಟೆ ಹೊರೆಯುವ ನಾನು, ನನ್ನ ಅತ್ತೆಯವರ ಪರವಾಗಿಯೂ ಓಣಿಯ ಸಕಲರ ಪರವಾಗಿಯೂ ಮಾಡಿಕೊಳ್ಳುವ ಬಿನ್ನಹ ಇದು. ನಾವೆಲ್ಲ ಇಲ್ಲಿ ಕ್ಷೇಮ. ಎಲ್ಲಿಯವರೆಗೆ ಎಂಬುದನ್ನು ತಾವೇ ಬಲ್ಲಿರಿ.

ಮೊದಲಿಗೆ, ನಮ್ಮನ್ನು ಒಂದು ಮಾತು ಕೇಳಿದ್ದಕ್ಕಾಗಿ ತಮಗೆ ಕೃತಜ್ಞತೆ ಸಲ್ಲಿಸದೆ ಮುಂದುವರಿದರೆ ನನ್ನ ಕೈ ಬಿದ್ದುಹೋದೀತು. ನಿವಾಸಿಗಳೂ ಭೂಮಾಲೀಕರೂ ಕೂಡಿ ತಮ್ಮ ಊರಿನ ನಾಳೆಯನ್ನು ತಾವೇ ರೂಪಿಸಬೇಕೆಂದು ತಮ್ಮ ಕರಪತ್ರ ಸಾರಿದಾಗ, ಈವರೆಗೆ ಚರಂಡಿ ಕಟ್ಟಿಕೊಂಡರೂ ಬಂದು ಇಣುಕದ ಇಲಾಖೆಗಳು ಏಕಾಏಕಿ ನಮ್ಮ ಮನದಾಳವನ್ನೇ ಇಣುಕಲು ಹೊರಟಿವೆಯಲ್ಲಾ ಎಂದು ನಾವು ಉಬ್ಬಿಹೋದೆವು. ನಮ್ಮ ಸಾಲಿನ ಎಲೆಕ್ಟ್ರಿಷಿಯನ್ ತನ್ನ ಮದುವೆಯ ಕೋಟನ್ನು ಹೊರತೆಗೆದ. ಗುಂಡಿ ಹಾಕಲು ಬರಲಿಲ್ಲ, ಹಾಗೆಯೇ ಬಂದ. ಕಣ್ಣು ಬಹುಮಟ್ಟಿಗೆ ಮಂಜಾಗಿರುವ ನನ್ನ ಅತ್ತೆಯವರನ್ನು ಮನೆಯಲ್ಲಿಯೇ ಇರಿ ಎಂದರೆ, "ಕಣ್ಣು ಕಾಣದಿದ್ರೇನೇ, ಅಭಿಪ್ರಾಯ ಇದ್ಯಲ್ಲ!" ಎಂದು ಚಪ್ಪಲಿ ಮೆಟ್ಟಿಕೊಂಡು ನಮಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಈ ಅತ್ತೆಯವರ ವಿಷಯವನ್ನು ತಾವು ತುಸು ತಿಳಿದಿರಬೇಕು. ನಮ್ಮ ಓಣಿಯ ಗೋಡೆಯ ಮೇಲೆ ಅಂಗೈಯಿಟ್ಟು ಅವರು ಯಾರ ಹಂಗೂ ಇಲ್ಲದೆ ಓಡಾಡುತ್ತಾರೆ. ಬಡಗಿಯ ಮನೆಯ ಒರಟು ಗಾರೆ, ಆಮೇಲೆ ಎಲೆಕ್ಟ್ರಿಷಿಯನ್‌ನ ಕಿಟಕಿಯ ಕಬ್ಬಿಣದ ಸರಳು, ನಲ್ಲಿಯ ಪಕ್ಕದ ತಣ್ಣನೆಯ ಕಲ್ಲು, ಅದು ದಾಟಿದರೆ ಹಳೆಯ ಗೆಳತಿ ನಿವೃತ್ತ ದಾದಿಯ ಬಾಗಿಲು. ಅಲ್ಲಿ ಕೂತು ಮನಸಾರೆ ಜಗಳವಾಡಿ, ಅದೇ ಗೋಡೆ ಹಿಡಿದು ವಾಪಸ್ಸು ಬರುತ್ತಾರೆ. ಓಣಿಯಾಚೆ ಕಾಲಿಟ್ಟರೆ ಮಾತ್ರ ಅವರಿಗೆ ನನ್ನ ಕೈ ಬೇಕು. ಆ ಕೈ ಹಿಡಿಯಬೇಕಾದಾಗಲೆಲ್ಲ ಅವರ ಮುಖ ಸಣ್ಣದಾಗುತ್ತದೆ.

ತಮ್ಮ ಸಭಾಂಗಣದ ವೈಭವವನ್ನು ನಾನೇನೆಂದು ಬಣ್ಣಿಸಲಿ! ಅಲ್ಲಿನ ಕುರ್ಚಿಗಳಿಗೆಲ್ಲ ಬೆತ್ತ ಹೆಣೆದವಳು ನಾನೇ ಆದರೂ ಅವುಗಳ ಮೇಲೆ ಕೂರುವ ಭಾಗ್ಯ ಒದಗಿದ್ದು ಅಂದೇ ಮೊದಲು. ಎರಡು ಪುರಸಭೆಗಳು ಒಂದಾಗಿ ಯೋಜನೆ ಮಾಡುವುದೆಂದರೆ ಎರಡು ಮೇಜು, ಎರಡು ನಕ್ಷೆ, ಇಬ್ಬರು ಸಲಹೆಗಾರರು ಎಂಬುದು ಅಲ್ಲಿಗೆ ಹೋದ ಮೇಲೆಯೇ ನಮಗೆ ತಿಳಿದದ್ದು. ನಡುವಿನವರಾದ ನಾವು ಯಾವ ಮೇಜಿಗಾದರೂ ಹೋಗಬಹುದೆಂದರು; ಫ್ಯಾನು ತಿರುಗುತ್ತಿದ್ದದ್ದು ಮೇಲಿನ ಪಟ್ಟಣದ ಮೇಜಿನ ಮೇಲೆ, ಆದ್ದರಿಂದ ಅಲ್ಲಿಗೇ ಹೋದೆವು. ಒಂದು ಓಣಿಯ ಹಣೆಬರಹ ಒಂದು ಫ್ಯಾನಿನ ಕೆಳಗೆ ನಿರ್ಧಾರವಾಯಿತು.

ಆ ಮೇಜಿನ ಸಲಹೆಗಾರ್ತಿ ನಗುನಗುತ್ತಾ ನಮ್ಮ ಕೈಗೆ ಬಣ್ಣದ ಅಂಟುಚುಕ್ಕೆಗಳ ಹಾಳೆ ಕೊಟ್ಟು, "ನಿಮ್ಗೆ ತುಂಬಾ ಇಷ್ಟವಾದ ಜಾಗಕ್ಕೆ ಹಸಿರು ಅಂಟ್ಸಿ, ಕಂಡ್ರೆ ಆಗದ ಜಾಗಕ್ಕೆ ಕೆಂಪು ಅಂಟ್ಸಿ, ಅಷ್ಟೇ" ಎಂದರು. ಇಷ್ಟು ಸುಲಭವಾದ ಪರೀಕ್ಷೆ ನಮ್ಮ ಜನ್ಮದಲ್ಲೇ ಬಂದಿರಲಿಲ್ಲ. ಓಣಿಯ ಒಬ್ಬೊಬ್ಬರೂ ಹಸಿರು ಚುಕ್ಕೆಯನ್ನು ತಂತಮ್ಮ ಮನೆಯ ಮೇಲೆ ಅಂಟಿಸಿದರು. ಅತ್ತೆಯವರು, "ನಮ್ಮನೆ ಎಲ್ಲಿದೆ ತೋರ್ಸು, ಚುಕ್ಕೆ ನಾನೇ ಅಂಟಿಸ್ತೀನಿ" ಎಂದು ಹಟ ಹಿಡಿದರು. ನಾನು ಅವರ ಬೆರಳನ್ನು ಮನೆಯ ಮೇಲಿಟ್ಟೆ. ಅವರು ಚುಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಗಾಳಿಗೆ ಹಾರಿಹೋಗದೆಂದು ಖಾತ್ರಿಯಾಗುವವರೆಗೂ ಬಿಡಲಿಲ್ಲ. ಗೋಡೆಗೂ ಒಂದಿರಲಿ ಎಂದು ಇನ್ನೊಂದನ್ನು ಕೇಳಿ ಪಡೆದರು. ಕೆಂಪು ಚುಕ್ಕೆಗಳನ್ನೆಲ್ಲ, ಕಾಲುವೆಯಾಚೆ ಸದಾ ಹೊಗೆಯಾಡುವ, ಎರಡೂ ಪಟ್ಟಣಗಳು ತಮ್ಮ ಕಸ ಸುರಿಯುವ ಬಯಲಿನ ಮೇಲೆ ಒಮ್ಮತದಿಂದ ಬಡಿದೆವು.

ಓಣಿಯ ತುದಿಯ ಖಾಲಿ ನಿವೇಶನದ ಒಡೆಯರು, ನಾವು ಗೊರಕೆ ಯಜಮಾನರೆಂದು ಕರೆಯುವವರು, ಭೂಮಾಲೀಕರ ಪ್ರತಿನಿಧಿಯಾಗಿ ಮುಂದಿನ ಸಾಲಿನಲ್ಲಿ ಕೂತು, ಸ್ವಾಗತ ಭಾಷಣದಲ್ಲಿ ಮುಚ್ಚಿದ ಕಣ್ಣನ್ನು ವಂದನಾರ್ಪಣೆಗೆ ತೆರೆದರು. ಯಾರೋ ಅವರ ಜೇಬಿಗೆ ತುರುಕಿದ್ದ ಚುಕ್ಕೆಗಳು ಅಲ್ಲೇ ಉಳಿದವು.

ಅನಂತರ ತಮ್ಮ ಕಚೇರಿಯ ಫಲಕದ ಮೇಲೆ ಯೋಜನೆ ಪ್ರಕಟವಾಯಿತು. ನಮ್ಮ ಓಣಿಯಿದ್ದ ಕಡೆ ಓಣಿಯಿರಲಿಲ್ಲ. ಹಚ್ಚಹಸಿರು ಬಣ್ಣವಿತ್ತು, ಅದರ ಮೇಲೆ "ನಿವಾಸಿಗಳ ಒಕ್ಕೊರಲ ಬೇಡಿಕೆಯ ಮೇರೆಗೆ ಉದ್ಯಾನವನ" ಎಂದು ಬರೆದಿತ್ತು. ಕಸದ ಬಯಲು ಕೆಂಪಾಗಿ ಕಂಗೊಳಿಸುತ್ತಿತ್ತು: "ನಿವಾಸಿಗಳೇ ಆರಿಸಿಕೊಂಡ ನೂತನ ವಸತಿ ಬಡಾವಣೆ, ಉದ್ಯಾನವನಕ್ಕಾಗಿ ಮನೆ ತೆರವು ಮಾಡುವವರಿಗೆ ಆದ್ಯತೆ." ಕಿಟಕಿಗೆ ಹೋಗಿ ಕೇಳಿದೆವು. ಕಿಟಕಿಯ ಗುಮಾಸ್ತರು ದಯೆಯಿಟ್ಟು ವಿವರಿಸಿದ್ದೇನೆಂದರೆ, ಕೆಳಗಿನ ಪಟ್ಟಣದ ಮೇಜಿನಲ್ಲಿ ಹಸಿರೆಂದರೆ ಇಲ್ಲಿ ಉದ್ಯಾನ ಬೇಕು, ಕೆಂಪೆಂದರೆ ಇಲ್ಲಿ ಮನೆಗಳು ಬೇಕು ಎಂದು ಅರ್ಥವಂತೆ. ಕೊನೆಗೆ ಎರಡೂ ಮೇಜಿನ ನಕ್ಷೆಗಳನ್ನು ಆ ಕೆಳಗಿನ ಪಟ್ಟಣದ ನಿಯಮದಂತೆಯೇ ಓದಿದರಂತೆ. "ಜಂಟಿ ಅಂದ್ಮೇಲೆ ಯಾವ್ದಾದ್ರೂ ಒಂದನ್ನ ಹಿಡೀಬೇಕಲ್ಲಮ್ಮಾ" ಎಂದು ಅವರು ನಮ್ಮನ್ನೇ ಸಮಾಧಾನಪಡಿಸಿದರು.

ಆಹಾ, ಮಾನ್ಯರೇ! ಜನ ಪ್ರೀತಿಸುವ ಜಾಗದಿಂದ ಜನರನ್ನು ಎಬ್ಬಿಸಿ, ಮೂಗು ಮುಚ್ಚಿಕೊಂಡು ದಾಟುವ ಜಾಗದಲ್ಲಿ ಅವರನ್ನು ಕೂರಿಸುವ ಈ ಕೌಶಲ, ನಮ್ಮನ್ನು ಏನೂ ಕೇಳದೆ ಯೋಜನೆ ಮಾಡುತ್ತಿದ್ದ ಹಿಂದಿನವರಿಗೆ ಎಲ್ಲಿ ಒಲಿದಿತ್ತು? ಅವರು ಮಾಡಿದ ಅನ್ಯಾಯಕ್ಕೆ ಅವರನ್ನು ಬೈಯುವ ಸುಖವಾದರೂ ನಮಗಿತ್ತು. ತಾವು ಆ ಸುಖವನ್ನೂ ನಮಗೆ ಉಳಿಸಲಿಲ್ಲ. ಆಕ್ಷೇಪಣೆ ಸಲ್ಲಿಸಲು ಹೋದರೆ ತಮ್ಮ ಉಪಾಧ್ಯಕ್ಷರು, "ನೀವೇ ಕೇಳಿದ್ದಕ್ಕೆ ನೀವೇ ತಕರಾರು ತೆಗೆದ್ರೆ ಹೇಗ್ರೀ?" ಎಂದು ನಕ್ಕರು. ಇನ್ನು ಗೊರಕೆ ಯಜಮಾನರ ನಿವೇಶನದ ಮೇಲೆ ಯಾವ ಚುಕ್ಕೆಯೂ ಇಲ್ಲವಾದ್ದರಿಂದ ಅದು ಯಥಾಸ್ಥಿತಿಯಲ್ಲಿ ಉಳಿದು, ಈಗ ಉದ್ಯಾನವನಕ್ಕೆ ಮುಖ ಮಾಡಿದ ನಿವೇಶನವೆಂದು ಹೆಸರು ಮಾಡಿದೆ. "ನಾನೇನೂ ಮಾಡ್ಲಿಲ್ಲ ಕಣಮ್ಮಾ, ಸುಮ್ನೆ ಮಲಗಿದ್ದೆ" ಎಂದು ಅವರು ನನ್ನೆದುರು ಕೈ ಮುಗಿದರು. ಪಾಪ, ಅದು ನಿಜವೇ. ತಮ್ಮ ಸಹಭಾಗಿತ್ವದಲ್ಲಿ ಲಾಭ ಪಡೆದ ಏಕೈಕ ನಾಗರಿಕ ನಿದ್ದೆ ಹೋದವನು.

ಅತ್ತೆಯವರಿಗೆ ಈ ಸುದ್ದಿ ಹೇಳುವ ಧೈರ್ಯ ನನಗಿರಲಿಲ್ಲ. ಜಗಳದ ಭರದಲ್ಲಿ ದಾದಿಯ ಬಾಯಿಂದ ಅದು ಬಿದ್ದುಹೋಯಿತು. ಅಂದು ಗೋಡೆ ಹಿಡಿದು ಮನೆಗೆ ಬಂದವರು, "ನಾನು ಅಷ್ಟು ಗಟ್ಟಿಯಾಗಿ ಒತ್ತಬಾರದಿತ್ತೇನೇ?" ಎಂದು ಕೇಳಿದರು. ಮಾನ್ಯರೇ, ಇಲ್ಲಿಯವರೆಗೂ ಗೌರವದ ಭಾಷೆಯಲ್ಲಿ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಆದರೆ ಆ ಕ್ಷಣ ತಾವು ನನ್ನ ಕೈಗೆ ಸಿಕ್ಕಿದ್ದರೆ ತಮ್ಮ ಯೋಗಕ್ಷೇಮದ ಹೊಣೆ ನನ್ನದಾಗಿರುತ್ತಿರಲಿಲ್ಲ. ತಾನು ಬದುಕಿದ ಮನೆಯನ್ನು ಇಷ್ಟವೆಂದು ಹೇಳಿದ್ದಕ್ಕೆ ಒಬ್ಬ ಮುದುಕಿ ತಪ್ಪಿತಸ್ಥಳಂತೆ ತನ್ನ ಹೆಬ್ಬೆರಳನ್ನು ಸವರಿಕೊಳ್ಳುತ್ತಾ ಕೂರುವುದನ್ನು ನೋಡಲು ನನ್ನಿಂದಾಗುತ್ತಿಲ್ಲ.

ಆದ್ದರಿಂದ ಕೆಲವು ಸಣ್ಣಪುಟ್ಟ ಕೋರಿಕೆಗಳು. ಉದ್ಯಾನವನ ಆಗಲೇಬೇಕಿದ್ದಲ್ಲಿ, ಹೂಗಿಡಗಳ ನಡುವೆ ನಮ್ಮ ಗೋಡೆಯನ್ನು ಒರಟು ಗಾರೆ, ಸರಳು, ತಣ್ಣನೆಯ ಕಲ್ಲುಗಳ ಸಮೇತ ಇದ್ದಂತೆಯೇ ನಿಲ್ಲಿಸಿ, ಅದರ ಒಂದು ತುದಿಗೆ ದಾದಿಯನ್ನೂ ಇನ್ನೊಂದು ತುದಿಗೆ ನಮ್ಮ ಬಾಗಿಲನ್ನೂ, ಬಾಗಿಲ ಹಿಂದೆ ಸಾಧ್ಯವಾದರೆ ನಮ್ಮ ಮನೆಯನ್ನೂ ಅಲಂಕಾರಕ್ಕಾಗಿ ಇಡಿಸಿಕೊಡಬೇಕು. ಕಸದ ಬಯಲಿನ ಹೊಗೆಯನ್ನೂ ಒಂದು ಸಭೆಗೆ ಆಹ್ವಾನಿಸಿ, ಚುಕ್ಕೆ ಕೊಟ್ಟು, ತಾನು ಯಾವ ಕಡೆ ಬೀಸಲು ಇಚ್ಛಿಸುತ್ತದೆಂದು ಅಭಿಪ್ರಾಯ ಪಡೆಯಬೇಕು. ಅದು ಏನು ಹೇಳಿದರೂ ತಾವು ಉಲ್ಟಾ ಓದುವಿರಾದ್ದರಿಂದ ನಮಗೆ ಒಳ್ಳೆಯದೇ ಆದೀತು. ತಮ್ಮ ಇಬ್ಬರು ಸಲಹೆಗಾರರನ್ನು, ಹಸಿರೆಂದರೇನೆಂದು ಪರಸ್ಪರ ಒಂದು ಮಾತು ಕೇಳುವವರೆಗೆ, ಫ್ಯಾನಿಲ್ಲದ ಕೋಣೆಯೊಂದರಲ್ಲಿ ಕೂರಿಸಬೇಕು.

ಇವೆಲ್ಲ ಕಷ್ಟವೆನಿಸಿದರೆ, ನಕ್ಷೆಯ ಮೇಲಿನ ನಮ್ಮ ಚುಕ್ಕೆಗಳನ್ನು ಉಗುರಿನಿಂದ ಕಿತ್ತುಬಿಡಿ. ಬರೀ ಅಂಟು, ಮಾನ್ಯರೇ. ಅತ್ತೆಯವರು ಅಂಟಿಸಿದ್ದು ಮಾತ್ರ ಸ್ವಲ್ಪ ಬಿಗಿಯಾಗಿರಬಹುದು.

ಸದ್ಯಕ್ಕೆ ಇದೇ ವಿಳಾಸದಲ್ಲಿರುವ,
ತಮ್ಮ ವಿಶ್ವಾಸಿ,
ಕುರ್ಚಿ ಹೆಣೆಯುವವಳು

ಮರೆತ ಮಾತು: ಎರಡನೆಯ ಹಂತದ ಸಭೆಯಲ್ಲಿ ತಮ್ಮ ಕಚೇರಿಯೂ ಅದರ ಹಿಂದಿರುವ ತಮ್ಮ ಬಂಗಲೆಯೂ ಸೇರಿದ ಪ್ರದೇಶದ ನಕ್ಷೆಯನ್ನು ಹರಡಲಾಗುವುದೆಂದೂ, ಎರಡೂ ಪಟ್ಟಣಗಳ ಸರ್ವರಿಗೂ ಸ್ವಾಗತವೆಂದೂ ತಿಳಿದು ಸಂತೋಷವಾಯಿತು. ಓಣಿಗೆ ಓಣಿಯೇ ಬರಲಿದೆ. ತಮ್ಮ ಬಂಗಲೆಯ ಮೇಲೆ ನಮಗೆಲ್ಲ ಇದ್ದಕ್ಕಿದ್ದಂತೆ ಅಪಾರ ಪ್ರೀತಿ ಹುಟ್ಟಿದೆ. ಎಲೆಕ್ಟ್ರಿಷಿಯನ್ ಪೇಟೆಯ ಅಂಗಡಿಯಲ್ಲಿದ್ದ ಹಸಿರು ಚುಕ್ಕೆಗಳನ್ನೆಲ್ಲ ಖರೀದಿಸಿ ತಂದಿದ್ದಾನೆ. ಬಹಳ ದಿನಗಳ ಮೇಲೆ ಅತ್ತೆಯವರ ಮುಖದಲ್ಲಿ ಗೆಲುವು ಕಂಡಿದೆ, ಬೆಳಗಿನಿಂದ ಅವರದು ಒಂದೇ ವರಾತ: "ಅಧ್ಯಕ್ಷರ ಮನೆ ಎಲ್ಲಿದೆ ತೋರ್ಸು, ಚುಕ್ಕೆ ನಾನೇ ಅಂಟಿಸ್ತೀನಿ."