ಸೋಂಕು ನಿವಾರಣೆ ಮಾಡಿದ ಡಬ್ಬಿ

ಸ್ವಚ್ಛತೆಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಕೆಂಚಾರ್ಲಹಳ್ಳಿ ಪಕ್ಕದಲ್ಲಿ ನಮ್ಮದೊಂದು ಚಾಕಿ ಕೇಂದ್ರ ಇದೆ. ರೇಷ್ಮೆ ಹುಳು ಮೊಟ್ಟೆಯಿಂದ ಬಂದ ದಿನದಿಂದ ಎರಡು ಸಲ ಪೊರೆ ಬಿಡೋವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡ್ತೀವಿ. ಎಳೇ ಹುಳ, ಚೂರು ಸೋಂಕು ತಗುಲಿದರೂ ಇಡೀ ಬೆಳೆ ಹೋಯ್ತು. ಅದಕ್ಕೇ ನಮ್ಮಲ್ಲಿ ತಟ್ಟೆ, ಚಾಕು, ನೆಲ, ಗೋಡೆ, ಒಳಗೆ ಬರೋರ ಪಾದ, ಎಲ್ಲಕ್ಕೂ ಔಷಧಿ ನೀರು. ಒಂದು ಸಲ ನಮ್ಮ ಮಾವ ಚಪ್ಪಲಿ ಸಮೇತ ಒಳಗೆ ಬಂದರು ಅಂತ, ಆ ಬೆಳೆ ಮುಗಿಯೋವರೆಗೆ ಅವರ ಜೊತೆ ಮಾತು ಬಿಟ್ಟಿದ್ದೆ. ಅಂಥ ಆಸಾಮಿ ನಾನು!

ಮದುವೆಯಾಗಿ ಒಂಬತ್ತು ವರ್ಷ ಕಳೆದರೂ ನಮಗೆ ಮಕ್ಕಳಾಗಲಿಲ್ಲ. ಊರಿನವರ ತೀರ್ಪಿನಲ್ಲಿ ದೋಷ ನನ್ನ ಹೆಂಡತಿ ಮಂಜುಳಾಂದು. ಗಂಡಸಾದ ನಾನು ಪರೀಕ್ಷೆಗೆ ಹೋಗೋಕೆ ಆರು ವರ್ಷ ತಗೊಂಡೆ. ಹೋದಾಗ ತಿಳಿಯಿತು, ನನ್ನ ವೀರ್ಯಾಣುಗಳಲ್ಲಿ ಓಡುವವು ಕಡಿಮೆ, ನಿಂತಲ್ಲೇ ತಲೆ ಅಲ್ಲಾಡಿಸುವವೇ ಜಾಸ್ತಿ. ಇದನ್ನು ಊರಲ್ಲಿ ಬಾಯಿಬಿಡಲಿಲ್ಲ. ನನ್ನ ಮರ್ಯಾದೆ ಹೋಗುತ್ತೆ ಅಂತ ಮಂಜುಳಾನೂ ಬಾಯಿಬಿಡಲಿಲ್ಲ. ಬೈಗುಳ ಮಾತ್ರ ಅವಳೇ ತಿಂದಳು.

ಕೊನೆಗೆ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ಹೋದ್ವಿ. ಮಂಜುಳಾಗೆ ಅಂಡಾಣು ಖಾಲಿಯಾಗ್ತಾ ಬಂದಿದೆ, ಇದೊಂದೇ ಅವಕಾಶ ಅಂತ ಡಾಕ್ಟರಮ್ಮ ಹೇಳಿದರು. ಹೊಸ ಕಂಪ್ಯೂಟರ್ ಬಂದಿದೆಯಂತೆ, ಕೃತಕ ಬುದ್ಧಿಮತ್ತೆಯದ್ದು. ಸಾವಿರಾರು ವೀರ್ಯಾಣು ನೋಡಿ, ಗಟ್ಟಿಯಾದದ್ದಕ್ಕೆ ಹಸಿರು ಸುತ್ತು ಹಾಕುತ್ತದಂತೆ. ಅಂಥ ಒಂದೊಂದನ್ನೇ ಒಂದೊಂದು ಅಂಡಾಣುವಿಗೆ ಸೇರಿಸ್ತಾರಂತೆ. ನನಗೆ ಸ್ವಲ್ಪ ಅವಮಾನವಾಯಿತು. ಹುಳ ನೋಡಿ ಆರಿಸೋದು ನನ್ನ ಕಸುಬು, ನನ್ನದನ್ನ ಆರಿಸೋಕೆ ಯಂತ್ರವೇ?

ಅಂಡಾಣು ಬೆಳೆಯಲಿ ಅಂತ ಹನ್ನೆರಡು ದಿನ ಮಂಜುಳಾ ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು. ಚುಚ್ಚೋ ಕೆಲಸ ನಂದೇ ಆಗಬೇಕಿತ್ತು. ನಾನು ಸೂಜಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದು ನೋಡಿ, ಕೊಡಿ ಇಲ್ಲಿ ಅಂತ ಅವಳೇ ತಗೊಂಡಳು. ಚುಚ್ಚಿಕೊಂಡ ಮೇಲೆ ಎದ್ದು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ಹೋಗೋಳು.

ಆ ದಿನ ಬಂತು. ಅಂಡಾಣು ತೆಗೆಯೋಕೆ ಅವಳನ್ನು ಒಳಗೆ ಕರ್ಕೊಂಡು ಹೋದರು. ನರ್ಸಮ್ಮ ವೀರ್ಯ ಹಿಡಿಯೋಕೆ ನನ್ನ ಕೈಗೊಂದು ಡಬ್ಬಿ ಕೊಟ್ಟು, ಒಂದು ಕೋಣೆ ತೋರಿಸಿ, ಡಬ್ಬಿ ಸ್ವಚ್ಛವಾಗಿದೆ, ಹಾಗೇ ಉಪಯೋಗಿಸಿ ಅಂದರು. ಕೋಣೆ ನೋಡಿದೆ. ನೆಲದ ಮೇಲೆ ಚಪ್ಪಲಿ ಗುರುತು! ಬಾಗಿಲಲ್ಲಿ ಔಷಧಿ ನೀರಿಲ್ಲ. ಇವರು ಹೇಳೋ ಸ್ವಚ್ಛತೆ ಯಾವ ಮಟ್ಟದ್ದು ಅಂತ ಅರ್ಥವಾಯಿತು. ಪುಣ್ಯಕ್ಕೆ ಮನೆಯಿಂದ ಒಂದು ಸಣ್ಣ ಬಾಟ್ಲು ತಂದಿದ್ದೆ, ಹುಳದ ತಟ್ಟೆಗೆ ಹಾಕೋ ಔಷಧಿ. ಮುಂಜಾಗ್ರತಾ ಕ್ರಮವಾಗಿ ಸದರಿ ಡಬ್ಬಿಯನ್ನು ಒಳಗೂ ಹೊರಗೂ ವಿಧಿವತ್ತಾಗಿ ಸೋಂಕುರಹಿತಗೊಳಿಸಲಾಯಿತು. ಒಣಗಲಿ ಅಂತ ಊದಲೂ ಇಲ್ಲ, ಬಾಯಲ್ಲೂ ಸೋಂಕಿರುತ್ತೆ ನೋಡಿ. ಹಸಿಯಲ್ಲೇ ಉಪಯೋಗಿಸಿ, ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಲ್ಯಾಬ್ ಮೇಡಂ ಕರೆದರು. ಪರದೆ ಮೇಲೆ ಎಲ್ಲವೂ ಸ್ತಬ್ಧ. ಹುಡುಕಿದರೂ ಒಂದು ಹಸಿರು ಸುತ್ತಿಲ್ಲ. ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಂತ ಸಲಹೆ ಕೊಟ್ಟೆ. ಅವರು ಸೂಕ್ಷ್ಮದರ್ಶಕದಲ್ಲಿ ತಾವೇ ನೋಡಿದರು.

"ಒಂದೂ ಜೀವಂತ ಇಲ್ಲ. ಡಬ್ಬಿಗೆ ಏನಾದ್ರೂ ಹಾಕಿದ್ರಾ?"

ಕೊನೆಗೂ ಒಬ್ಬರು ಕೇಳಿದರಲ್ಲ ಅಂತ ಹೆಮ್ಮೆಯಿಂದ ಬಾಟ್ಲು ತೆಗೆದು ಅವರ ಮೇಜಿನ ಮೇಲಿಟ್ಟೆ. ಮೇಡಂ ಬಾಟ್ಲು ಮೇಲಿನ ಚೀಟಿ ಓದಿದರು. ಡಬ್ಬಿ ಮೂಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೊಸ ಡಬ್ಬಿ ಕೊಟ್ಟು, ಬೇಗ ಅಂದರು. ಎಲ್ಲಾನೂ ಕೊಂದದ್ದು ನನ್ನ ಔಷಧಿಯೇ ಅಂತ ಗೊತ್ತಾದ ಮೇಲೆ ಎಂಥ ಬೇಗ! ಮಧ್ಯಾಹ್ನದ ಹೊತ್ತಿಗೆ ಏನೋ ಒಂದಿಷ್ಟಾಯಿತು. ಕಂಪ್ಯೂಟರ್ ಹುಡುಕಿ ಹುಡುಕಿ ನಾಲ್ಕಕ್ಕೆ ಸುತ್ತು ಹಾಕಿತು. ಮಂಜುಳಾಂದು ಏಳು ಅಂಡಾಣು ಕಾಯ್ತಾ ಇದ್ದವು.

ಬಸ್ಸು ಶಿಡ್ಲಘಟ್ಟ ದಾಟುವಾಗ ಅವಳಿಗೆ ಎಲ್ಲ ಹೇಳಿದೆ. ಚಿಂತಾಮಣಿಯಲ್ಲಿ ಬಸ್ಸು ನಿಂತಾಗ ನನ್ನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಬೇಕು ಅಂತ ಮಾಡ್ಲಿಲ್ಲ ತಾನೇ?"

"ಇಲ್ಲ ಕಣೇ."

ಅವಳಿಗೆ ಹಾಗೆ ಕೇಳಬೇಕು ಅನ್ನಿಸಿತಲ್ಲ ಅಂತ ನನಗೆ ಅಳು ಬಂತು.

ನಾಲ್ಕರಲ್ಲಿ ಒಂದು ಕೂಡಿಕೊಂಡಿತು. ಅದನ್ನು ಗರ್ಭದಲ್ಲಿ ಇಟ್ಟರು. ಎರಡು ವಾರದ ಮೇಲೆ ರಕ್ತ ಪರೀಕ್ಷೆ ಮಾಡಿದರು, ಗರ್ಭ ನಿಂತಿರಲಿಲ್ಲ. ಡಬ್ಬಿ ಸರಿ ಇದ್ದಿದ್ದರೆ ನಿಲ್ತಿತ್ತಾ ಅಂತ ಕೇಳಿದೆ. ಹೇಳೋಕಾಗಲ್ಲ ಅಂದರು ಡಾಕ್ಟರಮ್ಮ. ಇನ್ನೊಂದು ಸಲ ಪ್ರಯತ್ನ ಬೇಡ ಅಂತಲೂ ಅಂದರು.

ಆ ವಾರ ನಮ್ಮ ದೊಡ್ಡಮ್ಮ ಮನೆಗೆ ಬಂದು ಜಗಲಿ ಮೇಲೆ ಕೂತು, ಆ ಹೊಟ್ಟೇಲಿ ಏನೂ ನಿಲ್ಲಲ್ಲ ಬಿಡಪ್ಪ ಅಂದಳು. ಮಂಜುಳಾ ಬಾಗಿಲಲ್ಲೇ ನಿಂತಿದ್ದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಬಾಯಿ ತೆಗೆದೆ. ತಪ್ಪು ನಂದು ಅಂದೆ. ಓಡದ ವೀರ್ಯಾಣು, ಬಾಟ್ಲು, ಡಬ್ಬಿ, ಒಂದೂ ಬಿಡದೆ ಹೇಳಿದೆ. ನನ್ನ ವೀರ್ಯಾಣು ಬಗ್ಗೆ ಆಸ್ಪತ್ರೆ ಕಂಪ್ಯೂಟರ್ ಕೊಟ್ಟ ಕಾಗದಾನೂ ತೋರಿಸಿದೆ. ಯಂತ್ರ ಏನು ಬೇಕಾದ್ರೂ ಬರೀತದೆ ಅಂತ ದೊಡ್ಡಮ್ಮ ಅದನ್ನು ಪಕ್ಕಕ್ಕಿಟ್ಟಳು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಎಂಥ ಗಂಡನಪ್ಪ. ಹೆಂಡ್ತಿ ದೋಷಾನ ತನ್ನ ತಲೆ ಮೇಲೆ ಹಾಕ್ಕೊಂತಾನೆ. ಇಂಥೋನಿಗೆ ಒಂದು ಮಗು ಕೊಡಾಕಾಗ್ಲಿಲ್ವಲ್ಲ ಆಯಮ್ಮಂಗೆ."

ಮಂಜುಳಾ ಒಳಗೆ ಹೋದಳು. ವಾರದೊಳಗೆ ಸುದ್ದಿ ಮೂರು ಊರು ಸುತ್ತಿತು. ಸೊಪ್ಪು ತರೋರು, ಹುಳ ಕೊಳ್ಳೋರು, ಎಲ್ಲರಿಗೂ ನಾನು ದೇವರಂಥ ಗಂಡ. ಇಲ್ಲ ಸ್ವಾಮಿ, ನಿಜವಾಗ್ಲೂ ನಂದೇ ತಪ್ಪು ಅಂತ ಹೇಳಿದಷ್ಟೂ ನನ್ನ ಗೌರವ ಏರ್ತಾ ಹೋಯ್ತು, ಅವಳದ್ದು ಇಳೀತಾ ಹೋಯ್ತು. ಇನ್ಮೇಲೆ ನನಗೋಸ್ಕರ ಏನೂ ಹೇಳ್ಬೇಡಿ ಅಂತ ಮಂಜುಳಾ ಕೈ ಮುಗಿದಳು.

ಅದಕ್ಕೇ ಬರೆದಿದ್ದೀನಿ. ಓದಿದ ನೀವಾದರೂ ನಾನು ಹೇಳಿದ್ದನ್ನ ಹಾಗೇ ನಂಬಿ. ಒಳ್ಳೆಯವನು ಅಂತ ಮಾತ್ರ ಅನ್ನಬೇಡಿ, ದಯವಿಟ್ಟು.