ಬಚ್ಚಲ ನೀರಿನ ಮದರಂಗಿ

ಎಪ್ಪತ್ತೆರಡರ ಬರದಲ್ಲಿ ಇಡೀ ಸಿಂದಗಿ ಒಣಗಿದರೂ ನನ್ನ ಅಂಗಳದ ಮದರಂಗಿ ಬೇಲಿ ಒಣಗಕೂಡದೆಂದು ನಾನು ಭೀಷ್ಮ ಪ್ರತಿಜ್ಞೆ ಮಾಡಿದೆ! ಪಕ್ಕದ ಮನೆಯ ಸಿದ್ದಲಿಂಗವ್ವನ ಮಗಳ ಮದುವೆಗೆ ಎಲೆ ಕೊಡುತ್ತೇನೆಂದು ನನ್ನ ಹೆಂಡತಿ ಚಂದವ್ವ ಮಾತು ಕೊಟ್ಟಿದ್ದಳು. ಆ ವರ್ಷ ಊರಿಗೆ ಊರೇ ದಣಿದಿತ್ತು. ದಣಿಯದವನು ನಾನೊಬ್ಬ.

ಬಚ್ಚಲ ಮೋರಿಗೆ ಮೂರು ಗಡಿಗೆ ಕೂಡಿಸಿದೆ. ಹರಳು, ಮರಳು, ಇದ್ದಿಲು! ಸೀಗೆಕಾಯಿಯ ಕೊಳೆನೀರು ಒಳಗೆ ಹೋಗಿ ತಿಳಿಯಾಗಿ ಹೊರಬಂತು. ಮದರಂಗಿ ಅರೆಹೊಟ್ಟೆಯಲ್ಲೂ ಬದುಕುವ ಗಿಡ, ನಿಜ. ಆದರೂ ನೀರು ಸಾಲಲಿಲ್ಲ. ಅದಕ್ಕೇ ದಿನಕ್ಕೆರಡು ಸಲ ಸ್ನಾನ ಆರಂಭಿಸಿದೆ!

ಊರಾಚೆಯ ಬಾವಿಯಿಂದ ಹೊತ್ತು ತಂದ ಕೊಡ ಇಳಿಸುತ್ತಾ ಚಂದವ್ವ ಕೇಳಿದಳು: "ಗಿಡಕ್ಕ ನೀರು ಬೇಕಂತ ಜಳಕ ಮಾಡಾಕತ್ತೀರಿ. ಆ ನೀರು ಸೀದಾ ಗಿಡಕ್ಕ ಹಾಕಿದ್ರ ಏನಾಗ್ತೈತ್ರಿ?"

"ನಿನಗ ವಿಜ್ಞಾನ ತಿಳಿಯಂಗಿಲ್ಲ!"

ಅವಳಿಗೆ ಜಗಳಕ್ಕೂ ತ್ರಾಣವಿರಲಿಲ್ಲ.

ಬೇಲಿ ಹಸಿರಾಯಿತು. ಮದುವೆಯ ಹಿಂದಿನ ದಿನ ಸಿದ್ದಲಿಂಗವ್ವ ಹೆಂಗಸರೊಡನೆ ಬಂದು ಎಲೆ ಕೀಳತೊಡಗಿದಳು. ನಾನು ಸುಮ್ಮನಿರಬೇಕಿತ್ತು. ನಾನು ಸುಮ್ಮನಿರುವ ಗಿರಾಕಿಯೇ?

"ಎಲ್ಲಾ ಬಚ್ಚಲ ನೀರಾಗ ಬೆಳೆಸಿದ್ದು ನೋಡ್ರಿ!" ಎಂದು ಎದೆ ತಟ್ಟಿಕೊಂಡೆ.

ಉಡಿಯಲ್ಲಿದ್ದ ಎಲೆಗಳೆಲ್ಲ ನೆಲಕ್ಕೆ ಬಿದ್ದವು!

"ಏನಂದ್ರಿ ಅಣ್ಣಾರ? ಮದುಮಗಳ ಕೈಗೆ ಬಚ್ಚಲಾ?" ಎಂದು ಸಿದ್ದಲಿಂಗವ್ವ ಕೆರಳಿದಳು.

ಚಂದವ್ವನ ಮುಖ ಬಿಳಿಚಿತು. ಅವಳು ಕೊಟ್ಟ ಮಾತು ನನ್ನ ಬಾಯಿಂದಲೇ ಮೋರಿ ಸೇರುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ನೀರು ಶುದ್ಧ ಐತ್ರಿ! ಬೇಕಾದ್ರ ಮೊದಲು ನನ್ನ ಕೈಗೇ ಹಚ್ಚಿ ನೋಡ್ರಿ!"

ಹೆಂಗಸರಿಗೆ ಅಷ್ಟೇ ಬೇಕಿತ್ತು. ಅರೆದರು, ಮೊಳಕೈವರೆಗೆ ಮೆತ್ತಿದರು. ಮಧ್ಯಾಹ್ನವಿಡೀ ಕಟ್ಟೆಯ ಮೇಲೆ ಕೈ ಚಾಚಿ ಕೂತೆ. ಮೂಗಿನ ಮೇಲೆ ನೊಣ ಕೂತರೂ ಓಡಿಸುವಂತಿಲ್ಲ! ದಾರಿಯಲ್ಲಿ ಹೊರಟಿದ್ದ ನಮ್ಮ ಕಚೇರಿಯ ಸಿಪಾಯಿ ಮೈಬೂಬ ನಿಂತು, "ಸಾಹೇಬ್ರ, ಯಾರ ಜೋಡಿ ಲಗ್ನ?" ಎಂದು ಕೇಳಿದ. ನಾಳೆಯೊಳಗೆ ಇಡೀ ಕಚೇರಿಗೆ ಗೊತ್ತಾಗುವುದು ಖಾತ್ರಿಯಾಯಿತು.

ಸಂಜೆ ಕೈ ತೊಳೆದರೆ, ಅಬ್ಬಾ, ಅಂಥ ಕೆಂಪು ನಾನು ಕಂಡಿರಲಿಲ್ಲ! ಹೆಂಗಸರು ಮುಗಿಬಿದ್ದು ಬೇಲಿಯನ್ನು ಬೋಳು ಮಾಡಿದರು. ಚಂದವ್ವನ ಮಾತು ಉಳಿಯಿತು. ಸುಮ್ಮನೆ ಒಳಗೆ ಹೋಗುವುದು ಬಿಟ್ಟು ನಾನು ಎರಡೂ ಅಂಗೈ ಎತ್ತಿ ಮೆರೆದೆ.

"ನಮಗ ಗಂಡನ ಪ್ರೀತಿ ಇದ್ದಷ್ಟು ಬಣ್ಣ ಏರತೈತಿ. ನಿಮಗ ಚಂದವ್ವನ ಪ್ರೀತಿ ಬಾಳ ಐತಿ ಬಿಡ್ರಿ ಅಣ್ಣಾರ!" ಎಂದು ಸಿದ್ದಲಿಂಗವ್ವ ನಕ್ಕಳು.

ಚಂದವ್ವ ಸೊಂಟ ಹಿಡಿದುಕೊಂಡು ಎದ್ದು, ಖಾಲಿ ಕೊಡವನ್ನು ನನ್ನ ಕೆಂಪು ಕೈಗಿಟ್ಟಳು.

"ಪ್ರೀತಿ ಗೀತಿ ಅಲ್ಲಕ್ಕಾ, ಅದು ನಾ ಹೊತ್ತ ನೀರಿನ ಬಣ್ಣ. ಇನ್ನ ಮ್ಯಾಲ ಬಾವಿಗೆ ಈ ಮದಿಮಗನೇ ಹೋಗಲಿ!"